ಇಮೇಲ್‌ನಲ್ಲಿ ಏನು ಗುಟ್ಟಾಗಿ ಉಳಿಯುತ್ತದೆ, ಏನು ಉಳಿಯುವುದಿಲ್ಲ: ಹಂತ ಹಂತದ ಸಮಗ್ರ ಮಾರ್ಗದರ್ಶಿ

"ಯಾವ ಇಮೇಲ್ ಸೇಫ್? ಒಂದು ಹೆಸರು ಹೇಳಿ ಸಾಕು." ಹೀಗೆ ಕೇಳುವವರು ತುಂಬಾ ಜನ. ಒಂದು ಹೆಸರು ಹೇಳಿ ಮಾತು ಮುಗಿಸಬಹುದು. ಆದರೆ ಅದರಿಂದ ಕೇಳಿದವರಿಗೆ ಹೆಚ್ಚು ಉಪಯೋಗವಿಲ್ಲ. ಒಂದು ಮೇಲ್ ಕಳಿಸಿದರೆ ಅದರ ಪ್ರತಿ ನಿಮ್ಮ ಬಳಿ ಇರುತ್ತದೆ, ಪಡೆದವರ ಬಳಿಯೂ ಇರುತ್ತದೆ. ಇಬ್ಬರ ಇಮೇಲ್ ಕಂಪನಿಗಳ ಸರ್ವರ್‌ಗಳಲ್ಲಿ ಇರುತ್ತದೆ. ಆ ಮೇಲ್ ತೆರೆದ ಪ್ರತಿ ಫೋನ್, ಲ್ಯಾಪ್‌ಟಾಪ್‌ನಲ್ಲೂ ಇರಬಹುದು. ನೀವು ಎಷ್ಟೇ ಒಳ್ಳೆಯ ಸೇವೆ ಆರಿಸಿಕೊಂಡರೂ ಆ ಕಡೆಯ ಪ್ರತಿಗಳ ಮೇಲೆ ನಿಮಗೆ ಹಿಡಿತವಿಲ್ಲ.

ಹಾಗಾಗಿ ಇಲ್ಲಿ ಮಾಡಬೇಕಾದ ಕೆಲಸ ಎರಡು. ನಮ್ಮ ಕೈಯಲ್ಲಿರುವುದನ್ನು ಗಟ್ಟಿ ಮಾಡಿಕೊಳ್ಳುವುದು ಒಂದು. ಕೈಯಲ್ಲಿ ಇಲ್ಲದ್ದನ್ನು ಗುರುತಿಸಿ, ಅಂಥ ವಿಷಯವನ್ನು ಮೇಲ್‌ಗೆ ಹಾಕದೇ ಇರುವುದು ಇನ್ನೊಂದು. ಉದಾಹರಣೆಗಳಲ್ಲಿ ಜಿಮೇಲ್ ಹೆಸರೇ ಜಾಸ್ತಿ ಬರುತ್ತದೆ. ಆಂಡ್ರಾಯ್ಡ್ ಫೋನ್ ಹಿಡಿದವರಲ್ಲಿ ಹೆಚ್ಚಿನವರ ಬಳಿ ಅದು ಇದ್ದೇ ಇರುತ್ತದೆ, ಅಲ್ವಾ?

ಹಂತ 1: ಮೇಲ್ ಸಾಗುವ ದಾರಿಯನ್ನು ಕಣ್ಣಾರೆ ನೋಡಿ

ಇಂದಿಗೂ ಮೇಲ್ ಸಾಗುವುದು ಎಸ್‌ಎಂಟಿಪಿ ಎಂಬ ನಿಯಮಗಳ ಪ್ರಕಾರ. ಜಾನ್ ಪೋಸ್ಟೆಲ್ ಅದನ್ನು ಬರೆದದ್ದು 1982ರಲ್ಲಿ. ಆಗ ಜಾಲದಲ್ಲಿ ಇದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯ, ಸಂಶೋಧನಾ ಕೇಂದ್ರಗಳ ಜನ. ಸಂದೇಶ ತಲುಪಿದರೆ ಸಾಕಿತ್ತು. ಅದನ್ನು ಗುಟ್ಟಾಗಿ ಸಾಗಿಸುವ ವ್ಯವಸ್ಥೆ ಆ ನಿಯಮಗಳಲ್ಲಿ ಇರಲಿಲ್ಲ. ಕಳಿಸಿದವರು ನಿಜಕ್ಕೂ ಅವರೇನಾ ಎಂದು ಪರೀಕ್ಷಿಸುವ ವ್ಯವಸ್ಥೆಯೂ ಇರಲಿಲ್ಲ. ಇವೆರಡನ್ನೂ ಆಮೇಲೆ ಒಂದೊಂದಾಗಿ ಸೇರಿಸಿದರು.

1999ರಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಬಂತು. ಎನ್‌ಕ್ರಿಪ್ಷನ್ ಅಂದರೆ ಕೀಲಿ ಇಲ್ಲದವರಿಗೆ ಓದಲು ಆಗದ ರೂಪಕ್ಕೆ ಸಂದೇಶವನ್ನು ಬದಲಿಸುವುದು. ಎರಡು ಸರ್ವರ್‌ಗಳು ಮೊದಲು "ಎನ್‌ಕ್ರಿಪ್ಷನ್ ಬರುತ್ತಾ?" ಎಂದು ಕೇಳಿಕೊಳ್ಳುತ್ತವೆ. ಎರಡಕ್ಕೂ ಬಂದರೆ ಮೇಲ್ ಮುಚ್ಚಿಕೊಂಡು ಸಾಗುತ್ತದೆ. ಒಂದಕ್ಕೆ ಬರದಿದ್ದರೆ ಸಾಮಾನ್ಯವಾಗಿ ತೆರೆದೇ ಸಾಗುತ್ತದೆ. ನಡುವೆ ಕೂತ ಕಿಡಿಗೇಡಿ "ಬರುತ್ತೆ" ಎಂಬ ಉತ್ತರವನ್ನೇ ಅಳಿಸಿಬಿಟ್ಟರೂ ಹೀಗೇ ಆಗುತ್ತದೆ. ಇದನ್ನು ತಡೆಯಲು 2018ರಲ್ಲಿ ಎಂಟಿಎ-ಎಸ್‌ಟಿಎಸ್ ಎಂಬ ಇನ್ನೊಂದು ನಿಯಮ ಬಂತು. ಅದನ್ನು ಎಲ್ಲ ಕಂಪನಿಗಳೂ ಅಳವಡಿಸಿಕೊಂಡಿಲ್ಲ.

ಮುಖ್ಯ ವಿಷಯ ಏನೆಂದರೆ, ಈ ಎನ್‌ಕ್ರಿಪ್ಷನ್ ದಾರಿಗಷ್ಟೇ. ಸರ್ವರ್ ತಲುಪಿದ ಮೇಲೆ ಮೇಲ್ ತೆರೆದುಕೊಳ್ಳುತ್ತದೆ. ಅದನ್ನು ಮತ್ತೆ ಮುಚ್ಚಿ ಡಿಸ್ಕ್‌ನಲ್ಲಿ ಇಟ್ಟರೂ ಕೀಲಿ ಇರುವುದು ಕಂಪನಿಯ ಹತ್ತಿರವೇ. ಜಿಮೇಲ್ 2004ರ ಏಪ್ರಿಲ್ 1ರಂದು 1 ಜಿಬಿ ಜಾಗ ಕೊಟ್ಟು ಶುರುವಾದಾಗ, ಅದರ ಯಂತ್ರಗಳು ಮೇಲ್ ಓದಿ ಪಕ್ಕದಲ್ಲಿ ಜಾಹೀರಾತು ತೋರಿಸುತ್ತಿದ್ದವು. ಜಾಹೀರಾತಿಗಾಗಿ ಓದುವುದನ್ನು ನಿಲ್ಲಿಸುತ್ತೇವೆ ಎಂದು ಗೂಗಲ್ ಹೇಳಿದ್ದು 2017ರಲ್ಲಿ. ಸ್ಪ್ಯಾಮ್, ವೈರಸ್ ಹಿಡಿಯಲು ಇವತ್ತಿಗೂ ಯಂತ್ರ ಓದಲೇಬೇಕು. ವಿಮಾನದ ಟಿಕೆಟ್ ಮೇಲ್ ಬಂದ ಕೂಡಲೇ ಕ್ಯಾಲೆಂಡರ್‌ನಲ್ಲಿ ದಿನಾಂಕ ತಾನಾಗಿ ಕಾಣಿಸಿಕೊಳ್ಳುವುದೂ ಹೀಗೆ ಓದುವುದರಿಂದಲೇ. ಅದು ಬೇಡ ಅನಿಸಿದರೆ ಸೆಟ್ಟಿಂಗ್ಸ್‌ನಲ್ಲಿ "ಸ್ಮಾರ್ಟ್ ಫೀಚರ್ಸ್" ಆಫ್ ಮಾಡಬಹುದು.

ಈಗ ಒಂದು ಕೆಲಸ ಮಾಡಿ. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು, ಬ್ಯಾಂಕಿನಿಂದ ಬಂದ ಒಂದು ಮೇಲ್ ಆರಿಸಿ. ಬಲಗಡೆಯ ಮೂರು ಚುಕ್ಕಿ ಒತ್ತಿ "ಶೋ ಒರಿಜಿನಲ್" ಆರಿಸಿ. "ರಿಸೀವ್ಡ್" ಎಂದು ಶುರುವಾಗುವ ಸಾಲುಗಳು ಕಾಣುತ್ತವೆ. ಮೇಲ್ ಯಾವ ಯಾವ ಸರ್ವರ್ ಹಾದು ಬಂತು, ಎಷ್ಟು ಹೊತ್ತಿಗೆ ಬಂತು ಎಲ್ಲವೂ ಅಲ್ಲಿದೆ. ಕೆಲವು ಸೇವೆಗಳಿಂದ ಬಂದ ಮೇಲ್‌ನಲ್ಲಿ ಕಳಿಸಿದವರ ಐಪಿ ವಿಳಾಸವೂ (ಅವರ ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಇರುತ್ತದೆ. ಯಾರು, ಯಾರಿಗೆ, ಯಾವಾಗ ಎಂಬ ಈ ಹೊರಮಾಹಿತಿಯನ್ನು ಇಮೇಲ್‌ನಲ್ಲಿ ಪೂರ್ತಿ ಮುಚ್ಚಲು ಆಗುವುದಿಲ್ಲ. ಅದಿಲ್ಲದೆ ಮೇಲ್ ತಲುಪುವುದೇ ಇಲ್ಲ.

ಅದೇ ಪುಟದ ಮೇಲ್ಭಾಗದಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಪರೀಕ್ಷೆಗಳ ಹೆಸರುಗಳಿವೆ. ಮುಂದೆ "ಪಾಸ್" ಎಂದಿದ್ದರೆ, ಆ ಮೇಲ್ ನಿಜಕ್ಕೂ ಆ ಡೊಮೇನ್‌ನಿಂದಲೇ (ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ಬಂದಿದೆ ಎಂದರ್ಥ. ಆದರೆ ಇಲ್ಲಿಯೂ ಒಂದು ಮಿತಿ ಇದೆ. ಮೋಸಗಾರರು ಬ್ಯಾಂಕಿನ ಹೆಸರಿನಲ್ಲಿ ಒಂದಕ್ಷರ ಬದಲಿಸಿ ತಮ್ಮದೇ ಡೊಮೇನ್ ಕೊಂಡಿರುತ್ತಾರೆ. ಅಲ್ಲಿಂದ ಬಂದ ಮೇಲ್‌ಗೂ ಮೂರೂ ಪಾಸ್ ಸಿಗುತ್ತದೆ. ಹಾಗಾಗಿ "ಪಾಸ್" ನೋಡಿ ಸುಮ್ಮನಾಗಬೇಡಿ. @ ಚಿಹ್ನೆಯ ಮುಂದಿನ ಅಕ್ಷರಗಳನ್ನು ಒಂದೊಂದಾಗಿ ಓದಿ. ವ್ಯಾಪಾರಿಗಳೇ, ಇದು ನಿಮಗೆ: "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಣ ಹಾಕಿ" ಎಂದು ಮೇಲ್ ಬಂದರೆ, ನಿಮ್ಮಲ್ಲಿ ಮೊದಲಿನಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳಿ. ಆ ಮೇಲ್‌ನಲ್ಲೇ ಕೊಟ್ಟಿರುವ ನಂಬರಿಗೆ ಮಾಡಬೇಡಿ.

ಹಂತ 2: ಯಾರಿಂದ ಮುಚ್ಚಿಡಬೇಕು ಎಂದು ತೀರ್ಮಾನಿಸಿ

ಸುಮ್ನೆ "ಪ್ರೈವೆಸಿ ಬೇಕು" ಅಂದರೆ ಕೆಲಸ ಮುಂದಕ್ಕೆ ಹೋಗುವುದಿಲ್ಲ. ನಿಮ್ಮ ಭಯ ಯಾರ ಬಗ್ಗೆ ಎಂದು ಯೋಚಿಸಿ. ಹಣ ಕದಿಯುವ ಮೋಸಗಾರರೇ? ನಿಮ್ಮ ಫೋನ್ ಕೈಗೆತ್ತಿಕೊಳ್ಳುವ ಮನೆಯವರು, ಸಹೋದ್ಯೋಗಿಗಳೇ? ಜಾಹೀರಾತು ಕಂಪನಿಗಳೇ? ಇಮೇಲ್ ಕಂಪನಿಯೇ? ಸರ್ಕಾರವೇ? ನಮ್ಮಲ್ಲಿ ಹೆಚ್ಚಿನವರ ನಿಜವಾದ ಅಪಾಯ ಮೊದಲ ಎರಡರಲ್ಲಿದೆ. ಅವಕ್ಕೆ ಎನ್‌ಕ್ರಿಪ್ಷನ್ ಮದ್ದಲ್ಲ, ಮುಂದಿನ ಹಂತವೇ ಮದ್ದು. ಪತ್ರಕರ್ತರು, ವಕೀಲರು, ಹೋರಾಟಗಾರರು, ಮನೆಯಲ್ಲಿ ಹಿಂಸೆ ಅನುಭವಿಸುತ್ತಿರುವವರು ಹಂತ 6ನ್ನು ಜಾಸ್ತಿ ಗಮನ ಕೊಟ್ಟು ಓದಬೇಕು.

ಹಂತ 3: ಖಾತೆಯನ್ನು ನಿಮ್ಮದಾಗಿ ಮಾಡಿಕೊಳ್ಳಿ

ಇಡೀ ಬರಹದಲ್ಲಿ ಒಂದೇ ಒಂದು ಹಂತ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ನಿಮ್ಮ ಇಮೇಲ್ ಮನೆಯ ಕೀಲಿಗೊಂಚಲು ಇದ್ದಹಾಗೆ. ಫೇಸ್‌ಬುಕ್, ಶಾಪಿಂಗ್, ಷೇರು ಖಾತೆ, ಆದಾಯ ತೆರಿಗೆ ಪೋರ್ಟಲ್, ಎಲ್ಲಿ "ಪಾಸ್‌ವರ್ಡ್ ಮರೆತಿದ್ದೇನೆ" ಎಂದು ಒತ್ತಿದರೂ ಲಿಂಕೋ ಒಟಿಪಿಯೋ ಬರುವುದು ಹೆಚ್ಚಾಗಿ ಇಲ್ಲಿಗೇ.

ಮೊದಲು ಖಾತೆ ಯಾರ ಕೈಯಲ್ಲಿದೆ ನೋಡಿ. ನಮ್ಮ ಊರುಗಳಲ್ಲಿ ಎಷ್ಟೋ ಜನರ ಜಿಮೇಲ್ ಹುಟ್ಟಿದ್ದು ಸೈಬರ್ ಸೆಂಟರ್‌ನಲ್ಲಿ. ಸ್ಕಾಲರ್‌ಶಿಪ್ ಅರ್ಜಿ, ಪಾಸ್‌ಪೋರ್ಟ್ ಅಥವಾ ಸರ್ಕಾರಿ ಕೆಲಸದ ಅರ್ಜಿ ತುಂಬುವಾಗ ಅಂಗಡಿಯವರೇ ಒಂದು ಇಮೇಲ್ ಮಾಡಿಕೊಟ್ಟಿರುತ್ತಾರೆ. ಪಾಸ್‌ವರ್ಡ್ ಅವರಿಗೂ ಗೊತ್ತು. ರಿಕವರಿ ಫೋನ್ ಜಾಗದಲ್ಲಿ ಅಂಗಡಿಯ ನಂಬರ್ ಇರಬಹುದು. ಅವರು ಒಳ್ಳೆಯವರೇ ಇರಬಹುದು. ಆದರೆ ಆ ಅಂಗಡಿಯ ಕಂಪ್ಯೂಟರ್ ಮುಂದೆ ದಿನಕ್ಕೆ ಎಷ್ಟು ಜನ ಕೂರುತ್ತಾರೆ ಎಂದು ಯೋಚಿಸಿ. ಇವತ್ತೇ ಗೂಗಲ್ ಖಾತೆಯ "ಸೆಕ್ಯುರಿಟಿ" ಪುಟ ತೆರೆದು ಪಾಸ್‌ವರ್ಡ್, ರಿಕವರಿ ಫೋನ್, ರಿಕವರಿ ಇಮೇಲ್ ಮೂರನ್ನೂ ನಿಮ್ಮದಕ್ಕೆ ಬದಲಿಸಿ. ಅಪ್ಪ, ಅಮ್ಮ, ಅಜ್ಜ, ಅಜ್ಜಿಯ ಫೋನ್‌ನಲ್ಲೂ ಇದನ್ನು ನೋಡಿ.

ರಿಕವರಿ ನಂಬರ್ ಹಳೆಯದಾಗಿದ್ದರೆ ಅಪಾಯ ಇನ್ನೂ ಜಾಸ್ತಿ. ಭಾರತದಲ್ಲಿ ಬಂದ್ ಆದ ಮೊಬೈಲ್ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ರೀಚಾರ್ಜ್ ಮಾಡದೆ ಬಿಟ್ಟ ನಿಮ್ಮ ಎರಡನೇ ಸಿಮ್ಮಿನ ನಂಬರ್ ಇವತ್ತು ಯಾರದೋ ಕೈಯಲ್ಲಿರಬಹುದು. ಖಾತೆ ಮರಳಿ ಪಡೆಯುವ ಒಟಿಪಿ ಅವರಿಗೇ ಹೋಗುತ್ತದೆ. ವಿದೇಶಕ್ಕೆ ಹೋಗಿ ಇಲ್ಲಿನ ಸಿಮ್ ಮರೆತವರು ಇದನ್ನು ತಪ್ಪದೆ ನೋಡಿಕೊಳ್ಳಿ.

ಎರಡನೆಯದು ಪಾಸ್‌ವರ್ಡ್. ಇಮೇಲ್‌ನ ಪಾಸ್‌ವರ್ಡ್ ಬೇರೆ ಎಲ್ಲಿಯೂ ಬಳಸಬೇಡಿ. 2013ರಲ್ಲಿ ಯಾಹೂ ಮೇಲೆ ನಡೆದ ದಾಳಿಯಲ್ಲಿ ಆಗ ಇದ್ದ ಎಲ್ಲ 300 ಕೋಟಿ ಖಾತೆಗಳ ಮಾಹಿತಿ ಹೋಗಿತ್ತು. ಆ ಪೂರ್ತಿ ಲೆಕ್ಕ ಹೊರಬಂದದ್ದು 2017ರಲ್ಲಿ. ಹೆಸರು, ಫೋನ್ ನಂಬರ್, ಹುಟ್ಟಿದ ದಿನದ ಜೊತೆಗೆ ಕೆಲವರ "ಭದ್ರತಾ ಪ್ರಶ್ನೆ"ಗಳ ಉತ್ತರಗಳೂ ಹೋಗಿದ್ದವು. ತಾಯಿಯ ತವರಿನ ಹೆಸರನ್ನು ಪಾಸ್‌ವರ್ಡ್‌ನ ಹಾಗೆ ಬದಲಿಸಲು ಆಗುವುದಿಲ್ಲ. ಆದ್ದರಿಂದ ಯಾವ ಸೈಟ್ ಇಂಥ ಪ್ರಶ್ನೆ ಕೇಳಿದರೂ ನಿಜ ಉತ್ತರ ಕೊಡಬೇಡಿ. ಏನೋ ಒಂದು ಬರೆದು, ಅದನ್ನು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ (ಪಾಸ್‌ವರ್ಡ್‌ಗಳನ್ನು ಭದ್ರವಾಗಿ ಇಡುವ ಆಪ್) ಇಟ್ಟುಕೊಳ್ಳಿ. ನಿಮ್ಮ ವಿಳಾಸ ಎಲ್ಲೆಲ್ಲಿ ಸೋರಿದೆ ಎಂದು ನೋಡಲು ಟ್ರಾಯ್ ಹಂಟ್ 2013ರಲ್ಲಿ ಶುರುಮಾಡಿದ "ಹ್ಯಾವ್ ಐ ಬೀನ್ ಪೋನ್ಡ್" ಎಂಬ ಉಚಿತ ಸೈಟ್ ಇದೆ.

ಮೂರನೆಯದು ಎರಡು ಹಂತದ ಲಾಗಿನ್. ಎಸ್‌ಎಂಎಸ್ ಒಟಿಪಿ ಇಲ್ಲದಿರುವುದಕ್ಕಿಂತ ಇರುವುದು ಮೇಲು. ಆದರೆ ನಿಮ್ಮ ಹೆಸರಲ್ಲಿ ನಕಲಿ ಸಿಮ್ ತೆಗೆದವರಿಗೆ ಅದೂ ಸಿಗುತ್ತದೆ. ಫೋನ್‌ನಲ್ಲೇ ಕೋಡ್ ತಯಾರಿಸುವ ಅಥೆಂಟಿಕೇಟರ್ ಆಪ್ ಅದಕ್ಕಿಂತ ಒಳ್ಳೆಯದು. ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದ ಒಳಗೆ ಬಿಡುವ ಪಾಸ್‌ಕೀ ಇನ್ನೂ ಒಳ್ಳೆಯದು, ಏಕೆಂದರೆ ನಕಲಿ ಸೈಟ್‌ನಲ್ಲಿ ಅದು ಕೆಲಸವೇ ಮಾಡುವುದಿಲ್ಲ. ನೀವು ಮೋಸಹೋದರೂ ಪಾಸ್‌ಕೀ ಮೋಸಹೋಗುವುದಿಲ್ಲ. ಇದರ ಜೊತೆಗೆ ಗೂಗಲ್ ಕೊಡುವ 10 ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಫೋನ್ ಕಳೆದ ದಿನ ಅವೇ ದಾರಿ.

ನಾಲ್ಕನೆಯದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಒಮ್ಮೆ ಒಳಗೆ ನುಗ್ಗಿದವರು ಸದ್ದಿಲ್ಲದೆ ಒಂದು ಫಾರ್ವರ್ಡ್ ಹಾಕಿ ಹೋಗುತ್ತಾರೆ. ನೀವು ಪಾಸ್‌ವರ್ಡ್ ಬದಲಿಸಿದರೂ ಮೇಲ್‌ನ ಪ್ರತಿ ಅವರಿಗೆ ಹೋಗುತ್ತಲೇ ಇರುತ್ತದೆ. ಕಂಪ್ಯೂಟರ್‌ನಲ್ಲಿ ಜಿಮೇಲ್ ಸೆಟ್ಟಿಂಗ್ಸ್ ತೆರೆದು ಮೂರು ಜಾಗ ನೋಡಿ. "ಫಾರ್ವರ್ಡಿಂಗ್" ಪುಟದಲ್ಲಿ ಗೊತ್ತಿಲ್ಲದ ವಿಳಾಸ ಇದೆಯೇ? "ಫಿಲ್ಟರ್ಸ್" ಪುಟದಲ್ಲಿ ಬ್ಯಾಂಕ್ ಮೇಲ್‌ಗಳನ್ನು ಅಳಿಸುವ ಅಥವಾ ಬಚ್ಚಿಡುವ ನಿಯಮ ಇದೆಯೇ? "ಅಕೌಂಟ್ಸ್" ಪುಟದಲ್ಲಿ ಬೇರೆಯವರಿಗೆ ಖಾತೆ ಬಳಸಲು ಅನುಮತಿ ಕೊಟ್ಟಿದೆಯೇ? ಆಮೇಲೆ ಇನ್‌ಬಾಕ್ಸ್‌ನ ಕೆಳಗೆ ಬಲಮೂಲೆಯಲ್ಲಿ ಸಣ್ಣ ಅಕ್ಷರದ "ಡೀಟೇಲ್ಸ್" ಒತ್ತಿ. ಯಾವ ಸಾಧನದಿಂದ, ಯಾವಾಗ ಖಾತೆ ತೆರೆದಿದ್ದಾರೆ ಎಂಬ ಪಟ್ಟಿ ಬರುತ್ತದೆ. ಮನೆಯವರೇ ನಿಮ್ಮ ಮೇಲ್ ಓದುತ್ತಿದ್ದಾರೆ ಎಂಬ ಅನುಮಾನ ಇದ್ದರೂ ಉತ್ತರ ಸಿಗುವುದು ಇಲ್ಲೇ.

ಕೊನೆಗೆ, "ಸೈನ್ ಇನ್ ವಿತ್ ಗೂಗಲ್" ಒತ್ತಿ ಹಿಂದೆಂದೋ ಅನುಮತಿ ಕೊಟ್ಟ ಆಪ್‌ಗಳು. ಬರೀ ಹೆಸರು, ಇಮೇಲ್ ವಿಳಾಸ ಕೇಳಿದ ಆಪ್ ಪರವಾಗಿಲ್ಲ. "ನಿಮ್ಮ ಮೇಲ್ ಓದಲು, ಕಳಿಸಲು, ಅಳಿಸಲು" ಅನುಮತಿ ಇರುವ ಆಪ್‌ಗಳನ್ನು ಹುಡುಕಿ. ಅಮೆರಿಕದಲ್ಲಿ ಅನ್‌ರೋಲ್.ಮಿ ಎಂಬ ಸೇವೆ ಬೇಡದ ಸುದ್ದಿಪತ್ರಗಳನ್ನು ಉಚಿತವಾಗಿ ಕ್ಲೀನ್ ಮಾಡಿಕೊಡುತ್ತಿತ್ತು. ಅದರ ಒಡೆತನದ ಕಂಪನಿ ಬಳಕೆದಾರರ ಮೇಲ್‌ನಲ್ಲಿದ್ದ ಲಿಫ್ಟ್ ಟ್ಯಾಕ್ಸಿ ರಸೀದಿಗಳ ಮಾಹಿತಿಯನ್ನು, ಹೆಸರು ತೆಗೆದು, ಪೈಪೋಟಿಯ ಊಬರ್ ಕಂಪನಿಗೆ ಮಾರುತ್ತಿತ್ತು ಎಂದು 2017ರಲ್ಲಿ ಹೊರಬಿತ್ತು. ಯಾರೂ ಕದ್ದಿರಲಿಲ್ಲ. ಬಳಕೆದಾರರೇ ಅನುಮತಿ ಕೊಟ್ಟಿದ್ದರು. ಬಳಸದ ಆಪ್‌ಗಳ ಅನುಮತಿಯನ್ನು ಈಗಲೇ ತೆಗೆದುಹಾಕಿ.

ಹಂತ 4: ಮೇಲ್ ತೆರೆದದ್ದು ಅವರಿಗೆ ಗೊತ್ತಾಗದಂತೆ ಮಾಡಿ

ಜಾಹೀರಾತಿನ ಮೇಲ್‌ಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರ ಇರುತ್ತದೆ. ನೀವು ಮೇಲ್ ತೆರೆದಾಗ ಆ ಚಿತ್ರ ಅವರ ಸರ್ವರ್‌ನಿಂದ ಬರುತ್ತದೆ. ಇಂಥವರು ಇಷ್ಟು ಹೊತ್ತಿಗೆ ತೆರೆದರು ಎಂದು ಅಲ್ಲಿ ದಾಖಲಾಗುತ್ತದೆ. ಜಿಮೇಲ್ 2013ರ ಕೊನೆಯಿಂದ ಚಿತ್ರಗಳನ್ನು ತನ್ನ ಸರ್ವರ್ ಮೂಲಕ ತರಿಸುತ್ತಿದೆ, ಹಾಗಾಗಿ ನಿಮ್ಮ ಐಪಿ ವಿಳಾಸ ಹೋಗುವುದಿಲ್ಲ. ತೆರೆದ ಸಮಯ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ "ಇಮೇಜಸ್" ಮುಂದೆ "ಕೇಳಿದ ಮೇಲೆ ತೋರಿಸು" ಎಂಬ ಆಯ್ಕೆ ಹಾಕಿ. ಐಫೋನ್‌ನ ಮೇಲ್ ಆಪ್‌ನಲ್ಲಿ 2021ರಿಂದ "ಮೇಲ್ ಪ್ರೈವೆಸಿ ಪ್ರೊಟೆಕ್ಷನ್" ಇದೆ, ಅದನ್ನು ಆನ್ ಮಾಡಿ.

ಹಂತ 5: ದಾಖಲೆ ಕಳಿಸುವ ಮುಂಚೆ ಇದನ್ನು ಓದಿ

ನಮ್ಮ ದೇಶದಲ್ಲಿ ಇಮೇಲ್‌ನಿಂದ ಆಗುವ ದೊಡ್ಡ ಸೋರಿಕೆ ಯಾವುದೋ ಗೂಢಚಾರರ ಕೆಲಸ ಅಲ್ಲ. ಆಧಾರ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳನ್ನು ನಾವೇ ಕಂಡಕಂಡವರಿಗೆ ಕಳಿಸುತ್ತೇವೆ. ಬಾಡಿಗೆ ಮನೆ ಮಾಲೀಕರಿಗೆ, ಬ್ರೋಕರ್‌ಗೆ, ಸಾಲ ಕೊಡಿಸುವ ಏಜೆಂಟ್‌ಗೆ, ಹೋಟೆಲ್‌ಗೆ, ಕೆಲಸಕ್ಕೆ ಕರೆದ ಎಚ್‌ಆರ್‌ಗೆ. ಆ ಮೇಲ್ ಅವರ ಇನ್‌ಬಾಕ್ಸ್‌ನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ.

"ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ?" ಎಂದು ಕೇಳಬಹುದು. ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಏನು ಗೊತ್ತಲ್ವಾ? ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಹುಟ್ಟಿದ ವರ್ಷ. ಹೆಸರು ಗೊತ್ತಿದ್ದವರು 1940ರಿಂದ 2010ರವರೆಗೆ ಒಂದೊಂದೇ ವರ್ಷ ಹಾಕುತ್ತಾ ಹೋದರೆ ಸಂಜೆಯೊಳಗೆ ತೆರೆದುಕೊಳ್ಳುತ್ತದೆ. ಪ್ಯಾನ್ ಮತ್ತು ಹುಟ್ಟಿದ ದಿನ ಸೇರಿಸಿ ಮಾಡಿದ ಪಾಸ್‌ವರ್ಡ್‌ಗಳೂ ಹೀಗೇ. ಅವೆರಡೂ ಇರುವ ಪ್ಯಾನ್ ಕಾರ್ಡ್‌ನ ಪ್ರತಿಯನ್ನು ಅದೇ ಮೇಲ್‌ನಲ್ಲಿ ಲಗತ್ತಿಸಿರುತ್ತೇವೆ. ಅಂಥ ಪಾಸ್‌ವರ್ಡ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹಾಗಾದರೆ ಏನು ಮಾಡಬೇಕು? ಆಧಾರ್ ಸಂಖ್ಯೆ ಪೂರ್ತಿ ಬೇಡವಾದ ಕಡೆ ಮಾಸ್ಕ್ ಮಾಡಿದ ಆಧಾರ್ ಕೊಡಿ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ವೆಬ್‌ಸೈಟ್‌ನಲ್ಲಿ ಡೌನ್‌ಲೋಡ್ ಮಾಡುವಾಗಲೇ ಆ ಆಯ್ಕೆ ಇರುತ್ತದೆ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಸಾಧಾರಣ ಗುರುತಿನ ಚೀಟಿಯಾಗಿ ಅದು ಸಾಕು. ಪೂರ್ತಿ ದಾಖಲೆ ಕಳಿಸಲೇಬೇಕಾದರೆ ನಿಮ್ಮದೇ ಉದ್ದನೆಯ ಪಾಸ್‌ವರ್ಡ್ ಹಾಕಿದ ಪಿಡಿಎಫ್ ಅಥವಾ ಜಿಪ್ ಮಾಡಿ. ಪಾಸ್‌ವರ್ಡ್ ಅನ್ನು ಫೋನ್‌ನಲ್ಲಿ ಹೇಳಿ, ಇನ್ನೊಂದು ಮೇಲ್‌ನಲ್ಲಿ ಬರೆಯಬೇಡಿ. ದಾಖಲೆಯ ಮೇಲೆ ಅಡ್ಡಲಾಗಿ "ಬಾಡಿಗೆ ಕರಾರಿಗೆ ಮಾತ್ರ" ಎಂದು ಬರೆದು ದಿನಾಂಕ ಹಾಕಿ ಸ್ಕ್ಯಾನ್ ಮಾಡಿ. ಇನ್ನೊಂದು ದಾರಿ ಡ್ರೈವ್ ಲಿಂಕ್. ಅವರ ವಿಳಾಸಕ್ಕೆ ಮಾತ್ರ ಅನುಮತಿ ಕೊಟ್ಟು, ಕೆಲಸ ಮುಗಿದ ಮೇಲೆ ಅನುಮತಿ ತೆಗೆಯಬಹುದು. ಅವರು ಅಷ್ಟರಲ್ಲಿ ಡೌನ್‌ಲೋಡ್ ಮಾಡಿಕೊಂಡಿದ್ದರೆ ನಾವು ಏನೂ ಮಾಡುವ ಹಾಗಿಲ್ಲ. ಆದರೂ ಇನ್‌ಬಾಕ್ಸ್‌ನಲ್ಲಿ ಫೈಲ್ ಬಿದ್ದಿರುವುದು ತಪ್ಪುತ್ತದೆ.

ಜೆರಾಕ್ಸ್ ಅಂಗಡಿಯ ವಿಷಯ ಬೇರೆಯಾಗಿಯೇ ಹೇಳಬೇಕು. ಗೋಡೆಯ ಮೇಲೆ ಒಂದು ಜಿಮೇಲ್ ವಿಳಾಸ ಅಂಟಿಸಿರುತ್ತಾರೆ. "ಇದಕ್ಕೆ ಕಳಿಸಿ, ಪ್ರಿಂಟ್ ಕೊಡ್ತೀವಿ" ಅನ್ನುತ್ತಾರೆ. ಆ ಒಂದು ಇನ್‌ಬಾಕ್ಸ್‌ನಲ್ಲಿ ಇಡೀ ಬಡಾವಣೆಯ ಆಧಾರ್, ಅಂಕಪಟ್ಟಿ, ಆಸ್ತಿಪತ್ರ ಇರುತ್ತದೆ. 2022ರ ಮೇ ತಿಂಗಳಲ್ಲಿ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಸೂಚನೆ ಹೊರಡಿಸಿತ್ತು. ಆಧಾರ್ ಪ್ರತಿಯನ್ನು ಸಿಕ್ಕಸಿಕ್ಕಲ್ಲಿ ಕೊಡಬೇಡಿ, ಸಾರ್ವಜನಿಕ ಕಂಪ್ಯೂಟರ್‌ನಲ್ಲಿ ಇ-ಆಧಾರ್ ಡೌನ್‌ಲೋಡ್ ಮಾಡಿದರೆ ಪ್ರತಿಗಳನ್ನು ಪೂರ್ತಿ ಅಳಿಸಿ ಎಂಬ ಮಾತು ಅದರಲ್ಲಿತ್ತು. ಜನ ಗಾಬರಿಯಾದರು, ತಪ್ಪು ಅರ್ಥ ಬರಬಹುದೆಂದು ಎರಡೇ ದಿನದಲ್ಲಿ ಅದನ್ನು ಹಿಂದಕ್ಕೆ ಪಡೆದರು. ಆದರೆ ಸಲಹೆ ಒಳ್ಳೆಯದೇ ಆಗಿತ್ತು ಎಂದು ನನ್ನ ಅಭಿಪ್ರಾಯ. ಪ್ರಿಂಟ್ ಬೇಕಾದರೆ ಪೆನ್‌ಡ್ರೈವ್‌ನಲ್ಲಿ ಆ ಒಂದೇ ಫೈಲ್ ಒಯ್ಯಿರಿ, ಎದುರಿಗೆ ನಿಂತು ಪ್ರಿಂಟ್ ತೆಗೆಸಿ. ಅವರ ಕಂಪ್ಯೂಟರ್‌ಗೆ ಕಾಪಿ ಮಾಡಿಕೊಂಡರೆ ಡಿಲೀಟ್ ಮಾಡಲು ಕೇಳಿ, ರೀಸೈಕಲ್ ಬಿನ್‌ನಿಂದಲೂ. ಕೇಳಲು ಸಂಕೋಚ ಬೇಡ.

ಹಂತ 6: ಎನ್‌ಕ್ರಿಪ್ಟ್ ಮಾಡಿದ ಸೇವೆ ಬಳಸುವುದಾದರೆ ಅದರ ಗಡಿ ತಿಳಿದಿರಲಿ

ಕಂಪನಿಗೇ ಓದಲು ಆಗದಂತೆ ಮೇಲ್ ಇಡುವ ಸೇವೆಗಳಿವೆ. ಸ್ವಿಟ್ಜರ್ಲೆಂಡ್‌ನ ಪ್ರೋಟಾನ್, ಜರ್ಮನಿಯ ಟೂಟಾ ಹೆಸರಾದವು. ಇವು ಒಳ್ಳೆಯ ಸೇವೆಗಳು, ಬೇಕಾದವರು ಖಂಡಿತ ಬಳಸಿ. ಆದರೆ ಇಂಥ ಸೇವೆಗಳ ಇತಿಹಾಸ ಓದಿದರೆ ಎಲ್ಲೆಲ್ಲಿ ಬಿರುಕು ಬಿಡುತ್ತದೆ ಎಂದು ಗೊತ್ತಾಗುತ್ತದೆ.

ಕೆನಡಾದ ಹಶ್‌ಮೇಲ್ "ನಮಗೂ ಓದಲು ಆಗದು" ಎಂಬ ಭರವಸೆಗೆ ಹೆಸರಾಗಿತ್ತು. 2007ರಲ್ಲಿ ಗೊತ್ತಾಯಿತು: ನ್ಯಾಯಾಲಯದ ಆದೇಶದ ಮೇಲೆ ಅದು 12 ಸಿಡಿಗಳಷ್ಟು ಮೇಲ್‌ಗಳನ್ನು ಓದಬಹುದಾದ ರೂಪದಲ್ಲೇ ತನಿಖಾಧಿಕಾರಿಗಳಿಗೆ ಕೊಟ್ಟಿತ್ತು. ಕೀಲಿಯ ಕೆಲಸ ಕಂಪನಿಯ ಸರ್ವರ್‌ನಲ್ಲಿ ನಡೆಯುತ್ತಿದ್ದರೆ, ಆದೇಶ ಬಂದ ದಿನ ಆ ಕೀಲಿಯನ್ನು ಹಿಡಿದಿಟ್ಟುಕೊಳ್ಳಬಹುದು.

ಅಮೆರಿಕ ಸರ್ಕಾರದ ಗೂಢಚರ್ಯೆಯ ಗುಟ್ಟು ಹೊರಹಾಕಿದ ಎಡ್ವರ್ಡ್ ಸ್ನೋಡೆನ್ 2013ರಲ್ಲಿ ಬಳಸುತ್ತಿದ್ದ ಸೇವೆ ಟೆಕ್ಸಾಸ್‌ನ ಲಾವಾಬಿಟ್. ಅದರ ಒಡೆಯ ಲಡಾರ್ ಲೆವಿಸನ್ ಬಳಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕೇಳಿದ್ದು ಇಡೀ ಸೇವೆಯ ಕೀಲಿಯನ್ನು. ಒಬ್ಬನಿಗಾಗಿ ಕೇಳಿದ ಆ ಕೀಲಿಯಿಂದ ಸುಮಾರು 4 ಲಕ್ಷ ಬಳಕೆದಾರರ ಮೇಲ್ ತೆರೆಯುತ್ತಿತ್ತು. ಅವರು ಅದನ್ನು ತೀರಾ ಸಣ್ಣ ಅಕ್ಷರದಲ್ಲಿ 11 ಪುಟ ಪ್ರಿಂಟ್ ಮಾಡಿ ಕೊಟ್ಟರು. ನ್ಯಾಯಾಲಯ ಒಪ್ಪಲಿಲ್ಲ, ದಿನಕ್ಕೆ 5,000 ಡಾಲರ್ ದಂಡ ಹಾಕಿತು. ಕೊನೆಗೆ ಕೀಲಿ ಕೊಟ್ಟು, ಆಗಸ್ಟ್ 8ರಂದು ಸೇವೆಯನ್ನೇ ಮುಚ್ಚಿಬಿಟ್ಟರು. ಅವರ ನಿಲುವು ದೊಡ್ಡದು. ಆದರೆ ಮುನ್ಸೂಚನೆ ಇಲ್ಲದೆ ಮೇಲ್ ಕಳೆದುಕೊಂಡ ಸಾಮಾನ್ಯ ಬಳಕೆದಾರರ ಕಷ್ಟವನ್ನೂ ಮರೆಯಬಾರದು.

ಪ್ರೋಟಾನ್‌ಗೆ ಮೇಲ್‌ನ ಒಳಗಿನ ಮಾತು ಓದಲು ಆಗುವುದಿಲ್ಲ, ಅದು ನಿಜ. ಆದರೆ 2021ರಲ್ಲಿ ಫ್ರಾನ್ಸ್‌ನ ಪರಿಸರ ಹೋರಾಟಗಾರರ ಪ್ರಕರಣದಲ್ಲಿ, ಸ್ವಿಸ್ ಆದೇಶದಂತೆ ಒಂದು ಖಾತೆಯ ಐಪಿ ವಿಳಾಸ ದಾಖಲಿಸಿ ಕೊಡಬೇಕಾಯಿತು. 2024ರಲ್ಲಿ ಸ್ಪೇನ್‌ನ ಒಂದು ಪ್ರಕರಣದಲ್ಲಿ ರಿಕವರಿ ಇಮೇಲ್ ವಿಳಾಸ ಕೊಡಬೇಕಾಯಿತು. ಗುಟ್ಟಿನ ಖಾತೆಗೆ ನಿತ್ಯದ ಜಿಮೇಲನ್ನು ರಿಕವರಿಯಾಗಿ ಕೊಟ್ಟರೆ ಗುಟ್ಟು ಅಲ್ಲಿಗೇ ಮುಗಿಯಿತು.

ನಮ್ಮ ಕಡೆಗೆ ಬಂದರೆ, 2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟ್ ಪ್ರೋಟಾನ್ ಮೇಲ್ ಅನ್ನು ಭಾರತದಲ್ಲಿ ತಡೆಯಲು ಕ್ರಮ ಕೈಗೊಳ್ಳುವಂತೆ ಕೇಂದ್ರಕ್ಕೆ ಆದೇಶಿಸಿತು. ಬೆಂಗಳೂರಿನಲ್ಲಿ ಕಚೇರಿ ಇರುವ ಒಂದು ಕಂಪನಿಯ ಮಹಿಳಾ ಉದ್ಯೋಗಿಯ ಬಗ್ಗೆ ಅಶ್ಲೀಲ ಮೇಲ್‌ಗಳು ಬಂದಿದ್ದವು, ಕಳಿಸಿದವರ ಗುರುತು ಸಿಗುತ್ತಿರಲಿಲ್ಲ. ಆ ಹೆಣ್ಣುಮಗಳ ನೋವು ನಿಜ. ಸರ್ಕಾರಕ್ಕೆ ಹೆದರಿ ಇದೇ ಸೇವೆ ಬಳಸುವ ಪತ್ರಕರ್ತರ ಅಗತ್ಯವೂ ನಿಜ. ಇಲ್ಲಿ ನಿಮಗೆ ಬೇಕಾದ ಪಾಠ ಇಷ್ಟು: ಬ್ಯಾಂಕ್, ತೆರಿಗೆ, ಪಾಸ್‌ಪೋರ್ಟ್‌ನಂಥ ಖಾತೆಗಳನ್ನು ಒಂದು ದಿನ ದೇಶದಲ್ಲಿ ಬಂದ್ ಆಗಬಹುದಾದ ಸೇವೆಗೆ ಕಟ್ಟಿಹಾಕಬೇಡಿ. ಸೂಕ್ಷ್ಮ ಮಾತುಕತೆಗೆ ಬೇರೆಯೇ ಖಾತೆ ಇರಲಿ. ಆಗಾಗ ಮೇಲ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಬಳಿ ಇಟ್ಟುಕೊಳ್ಳಿ.

ಬಳಸುವಾಗ ನೆನಪಿಡಬೇಕಾದ ಕೆಲವು ವಿಷಯಗಳಿವೆ. ಪ್ರೋಟಾನ್‌ನಿಂದ ಜಿಮೇಲ್‌ಗೆ ಸಾದಾ ಮೇಲ್ ಕಳಿಸಿದರೆ ಜಿಮೇಲ್‌ನಲ್ಲಿ ಅದು ಸಾದಾ ಆಗಿಯೇ ಕೂರುತ್ತದೆ. ಅದಕ್ಕೆ ಬರೆಯುವ ಪುಟದಲ್ಲಿರುವ ಬೀಗದ ಗುರುತು ಒತ್ತಿ ಪಾಸ್‌ವರ್ಡ್ ಹಾಕಿ ಕಳಿಸಿ. ಆಗ ಆ ಕಡೆಗೆ ಹೋಗುವುದು ಒಂದು ಲಿಂಕ್ ಮಾತ್ರ. ಪಾಸ್‌ವರ್ಡ್ ಅನ್ನು ಮುಖಾಮುಖಿ ಅಥವಾ ಫೋನ್‌ನಲ್ಲಿ ಹೇಳಿ. ವಿಷಯದ ಸಾಲಿನಲ್ಲಿ ಗುಟ್ಟು ಬರೆಯಬೇಡಿ, ಪ್ರೋಟಾನ್ ಅದನ್ನು ಪೂರ್ತಿ ಎನ್‌ಕ್ರಿಪ್ಟ್ ಮಾಡುವುದಿಲ್ಲ. ಫಿಲ್ ಜಿಮರ್‌ಮನ್ 1991ರಲ್ಲಿ ಹೊರತಂದ, ಮೇಲ್ ಎನ್‌ಕ್ರಿಪ್ಟ್ ಮಾಡುವ ಪಿಜಿಪಿ ಎಂಬ ತಂತ್ರಾಂಶದ ಮಿತಿಯೂ ಇದೇ. ಟೂಟಾ ವಿಷಯದ ಸಾಲನ್ನೂ ಮುಚ್ಚುತ್ತದೆ. ಇನ್ನು, ಪಾಸ್‌ವರ್ಡ್ ಮರೆತು ರೀಸೆಟ್ ಮಾಡಿದರೆ ಹಳೆಯ ಮೇಲ್‌ಗಳು ನಿಮಗೂ ತೆರೆಯುವುದಿಲ್ಲ. ಖಾತೆ ಮಾಡಿದ ದಿನವೇ ರಿಕವರಿ ಫ್ರೇಸ್ (ಹಳೆಯ ಮೇಲ್ ಮರಳಿ ತೆರೆಯಲು ಸೇವೆ ಕೊಡುವ ಪದಗಳ ಸಾಲು) ಬರೆದಿಟ್ಟುಕೊಳ್ಳಿ.

ಜಿಮೇಲ್‌ನ "ಕಾನ್ಫಿಡೆನ್ಷಿಯಲ್ ಮೋಡ್" ಹೆಸರು ಕೇಳಿ ಮೋಸಹೋಗಬೇಡಿ. 2018ರಲ್ಲಿ ಬಂದ ಈ ಸೌಲಭ್ಯದಲ್ಲಿ ಮೇಲ್‌ಗೆ ಗಡುವು ಹಾಕಬಹುದು, ಫಾರ್ವರ್ಡ್ ತಡೆಯಬಹುದು. ಆದರೆ ಪೂರ್ತಿ ಮೇಲ್ ಗೂಗಲ್ ಬಳಿಯೇ ಇರುತ್ತದೆ. ಆ ಕಡೆಯವರು ಸ್ಕ್ರೀನ್‌ಶಾಟ್ ತೆಗೆಯಬಹುದು.

ನಿಜವಾಗಿಯೂ ಜೀವಕ್ಕೆ, ಕೆಲಸಕ್ಕೆ ಕುತ್ತು ಬರುವಂಥ ಮಾತಿದ್ದರೆ ಇಮೇಲ್ ಬೇಡ. ಸಿಗ್ನಲ್‌ನಂಥ ಆಪ್ ಬಳಸಿ, ತಾನಾಗಿ ಅಳಿಯುವ ಸಮಯ ಹಾಕಿಕೊಳ್ಳಿ. ಅಥವಾ ಎದುರಿಗೆ ಕೂತು ಮಾತಾಡಿ.

ಹಂತ 7: ಆಫೀಸ್ ಮೇಲ್ ಆಫೀಸಿನದು, ಕಾನೂನು ಎಲ್ಲರಿಗೂ ಒಂದೇ

ಕಂಪನಿ ಕೊಟ್ಟ ಇಮೇಲ್‌ನಲ್ಲಿ ವೈಯಕ್ತಿಕ ವಿಷಯ ಇಡಬೇಡಿ. ಅಡ್ಮಿನ್‌ಗೆ ಅದನ್ನು ತೆರೆಯುವ ದಾರಿ ಇರುತ್ತದೆ. ಕೆಲಸ ಬಿಟ್ಟ ದಿನ ನಿಮಗೆ ಬಾಗಿಲು ಮುಚ್ಚುತ್ತದೆ, ಮೇಲ್ ಅಲ್ಲೇ ಉಳಿಯುತ್ತದೆ. ಪಿಎಫ್, ವಿಮೆ, ಮಕ್ಕಳ ಶಾಲೆಗೆ ಆಫೀಸ್ ವಿಳಾಸ ಕೊಟ್ಟಿದ್ದರೆ ಈಗಲೇ ಬದಲಿಸಿ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ ಮತ್ತು 2009ರ ನಿಯಮಗಳ ಪ್ರಕಾರ ಕೇಂದ್ರ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ ಆದೇಶಿಸಿದರೆ ಸಂದೇಶಗಳನ್ನು ತಡೆದು ಓದಬಹುದು. ಸಹಕರಿಸದ ಕಂಪನಿಯವರಿಗೆ 7 ವರ್ಷದವರೆಗೆ ಜೈಲು ಆಗಬಹುದು. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದಂತೆ ಸೇವೆ ಕೊಡುವವರು ಲಾಗ್‌ಗಳನ್ನು (ತಮ್ಮ ಕಂಪ್ಯೂಟರ್‌ಗಳಲ್ಲಿ ಯಾವಾಗ ಏನು ನಡೆಯಿತು ಎಂಬ ದಾಖಲೆ) 180 ದಿನ ಇಟ್ಟುಕೊಳ್ಳಬೇಕು. ವಿದೇಶಿ ಕಂಪನಿ ಎಂದ ಮಾತ್ರಕ್ಕೆ ಯಾರಿಗೂ ಸಿಗುವುದಿಲ್ಲ ಎಂದುಕೊಳ್ಳಬೇಡಿ. ಅಲ್ಲಿನ ಸರ್ಕಾರದ ಕಾನೂನು ಅದಕ್ಕೆ ಅನ್ವಯಿಸುತ್ತದೆ.

ಸರ್ಕಾರದಷ್ಟೇ ಅಲ್ಲ, ಕಂಪನಿಯ ತಪ್ಪೂ ನಿಮ್ಮ ತಲೆಗೆ ಬರಬಹುದು. 2023ರಲ್ಲಿ ಚೀನಾ ಮೂಲದ ಎಂದು ಹೇಳಲಾದ ದಾಳಿಕೋರರು ಮೈಕ್ರೋಸಾಫ್ಟ್‌ನ ಒಂದು ಕೀಲಿ ಪಡೆದು ಸುಮಾರು 25 ಸಂಸ್ಥೆಗಳ ಮೇಲ್ ತೆರೆದರು. ಅಮೆರಿಕದ ವಿದೇಶಾಂಗ ಇಲಾಖೆಯದೇ ಸುಮಾರು 60,000 ಮೇಲ್ ಹೋದವು. ಆ ನೌಕರರ ಪಾಸ್‌ವರ್ಡ್ ಎಷ್ಟು ಗಟ್ಟಿಯಿದ್ದರೂ ಅಲ್ಲಿ ಉಪಯೋಗ ಇರಲಿಲ್ಲ. ಇದಕ್ಕೆ ನಮ್ಮ ಕೈಲಿರುವ ಪರಿಹಾರ ಒಂದೇ.

ಹಂತ 8: ಹಳೆಯದನ್ನು ಅಳಿಸಿ

ಇಲ್ಲದ ಮೇಲ್ ಕದಿಯಲು ಯಾರಿಗೂ ಆಗುವುದಿಲ್ಲ. ಜಿಮೇಲ್‌ನ ಹುಡುಕುವ ಜಾಗದಲ್ಲಿ ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಪಾಸ್‌ವರ್ಡ್, ಸ್ಟೇಟ್‌ಮೆಂಟ್ ಎಂಬ ಪದಗಳನ್ನು ಇಂಗ್ಲಿಷ್‌ನಲ್ಲಿ ಒಂದೊಂದಾಗಿ ಹಾಕಿ. ಲಗತ್ತು ಇರುವ ಮೇಲ್ ಮಾತ್ರ ತೋರಿಸುವ ಆಯ್ಕೆ ಒತ್ತಿ. "ಸೆಂಟ್" ಫೋಲ್ಡರ್ ಮರೆಯಬೇಡಿ, ಹೆಚ್ಚಿನ ದಾಖಲೆ ಇರುವುದು ಅಲ್ಲೇ. ಬೇಕಾದ್ದನ್ನು ಡೌನ್‌ಲೋಡ್ ಮಾಡಿಕೊಂಡು ಉಳಿದದ್ದನ್ನು ಅಳಿಸಿ. ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಅಲ್ಲಿಂದಲೂ ಖಾಲಿ ಮಾಡಿ. ಕಂಪನಿಯ ಬ್ಯಾಕಪ್‌ನಲ್ಲಿ ಇನ್ನೂ ಸ್ವಲ್ಪ ಕಾಲ ಉಳಿಯುತ್ತದೆ, ಪಡೆದವರ ಬಳಿ ಅವರು ಅಳಿಸುವವರೆಗೂ ಇರುತ್ತದೆ. ಮನೆ ಖಾಲಿ ಮಾಡಿದ ಮೇಲೆ ಹಳೆಯ ಮಾಲೀಕರಿಗೆ "ನನ್ನ ದಾಖಲೆ ಅಳಿಸಿಬಿಡಿ ಸರ್" ಎಂದು ಒಂದು ಮಾತು ಹೇಳಿ. ಕೇಳಿದರೆ ಎಷ್ಟೋ ಜನ ಅಳಿಸುತ್ತಾರೆ.

ಹಂತ 9: ಖಾತೆ ಕೈತಪ್ಪಿದೆ ಅನಿಸಿದರೆ

ಇಲ್ಲಿ ಕೆಲಸದ ಅನುಕ್ರಮ ಮುಖ್ಯ. ಮೊದಲು ವೈರಸ್ ಇಲ್ಲದ ಬೇರೆ ಸಾಧನ ಹಿಡಿಯಿರಿ. ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ. ಆಮೇಲೆ ರಿಕವರಿ ಫೋನ್, ಇಮೇಲ್, ಪಾಸ್‌ಕೀ ಪಟ್ಟಿಯಲ್ಲಿ ಅವರದ್ದೇನಾದರೂ ಸೇರಿದೆಯೇ ನೋಡಿ ತೆಗೆಯಿರಿ. ನಂತರ ಹಂತ 3ರಲ್ಲಿ ಹೇಳಿದ ಫಾರ್ವರ್ಡ್, ಫಿಲ್ಟರ್, ಆಪ್ ಅನುಮತಿ. ಒಳಗೇ ಹೋಗಲು ಆಗದಿದ್ದರೆ ನೀವು ಸದಾ ಬಳಸುವ ಫೋನ್‌ನಿಂದ, ಮನೆಯ ವೈಫೈನಿಂದಲೇ ಗೂಗಲ್‌ನ ಖಾತೆ ಮರಳಿ ಪಡೆಯುವ ಪುಟ ಪ್ರಯತ್ನಿಸಿ. ಪರಿಚಿತ ಸಾಧನವಾದರೆ ಸಿಗುವ ಸಾಧ್ಯತೆ ಜಾಸ್ತಿ. "ಹ್ಯಾಕ್ ಆದ ಖಾತೆ ಬಿಡಿಸಿಕೊಡ್ತೀವಿ" ಎಂದು ಹಣ ಕೇಳುವವರನ್ನು ನಂಬಬೇಡಿ.

ಹಣ ಹೋಗಿದ್ದರೆ ಇದ್ಯಾವುದಕ್ಕೂ ಕಾಯದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಬಂದ ಮೋಸದ ಮೇಲನ್ನು ಸಿಟ್ಟಿನಲ್ಲಿ ಅಳಿಸಬೇಡಿ. "ಶೋ ಒರಿಜಿನಲ್" ಪುಟದಿಂದ ಅದನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಪೊಲೀಸರಿಗೆ ಸ್ಕ್ರೀನ್‌ಶಾಟ್‌ಗಿಂತ ಆ ಫೈಲ್ ಹೆಚ್ಚು ಉಪಯೋಗ. ನಿಮ್ಮ ಹೆಸರಿನಲ್ಲಿ ಯಾರಿಗಾದರೂ ದುಡ್ಡು ಕೇಳಿ ಮೇಲ್ ಹೋಗಿದೆಯೇ ಎಂದು "ಸೆಂಟ್" ಮತ್ತು "ಟ್ರ್ಯಾಶ್" ನೋಡಿ, ಹೋಗಿದ್ದರೆ ಅವರಿಗೆ ಅವತ್ತೇ ಫೋನ್ ಮಾಡಿ ತಿಳಿಸಿ. ಒಂದು ವಾರ ಬಿಟ್ಟು ಫಾರ್ವರ್ಡ್, ಫಿಲ್ಟರ್ ಪುಟಗಳನ್ನು ಇನ್ನೊಮ್ಮೆ ತೆರೆದು ನೋಡಿ.